ಒಳಗನ್ನು ತೋರುವ ಮದ್ದು, ಒಗ್ಗದ ಮೈ

ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಹೆದ್ದಾರಿಯ ಊರು. ಪುಣೆ–ಬೆಂಗಳೂರು ರಸ್ತೆಯಲ್ಲಿ ಓಡಾಡುವವರಿಗೆ ಅದು ಟೋಲ್ ನಾಕಾದ ಹೆಸರಾಗಿಯೇ ಹೆಚ್ಚು ಪರಿಚಿತ. ಈ ಊರಿನವರಿಗಾಗಲಿ, ಆಚೆಯ ಗೋಕಾಕ, ಮೂಡಲಗಿ ಸೀಮೆಯವರಿಗಾಗಲಿ, ದೊಡ್ಡ ಆಸ್ಪತ್ರೆ ಎಂದರೆ ದಕ್ಷಿಣಕ್ಕೆ ಬೆಳಗಾವಿ, ಉತ್ತರಕ್ಕೆ ಮಿರಜ. ಹೊಟ್ಟೆಯಲ್ಲಿ ಗಡ್ಡೆ, ಮೂತ್ರಪಿಂಡದಲ್ಲಿ ಹರಳು, ತಲೆಯಲ್ಲಿ ರಕ್ತಸ್ರಾವ ಎಂಬ ಶಂಕೆ ಬಂದರೆ ವೈದ್ಯರು ಚೀಟಿಯಲ್ಲಿ 'ಸಿ.ಟಿ., ಕಾಂಟ್ರಾಸ್ಟ್ ಸಹಿತ' ಎಂದು ಬರೆದು ಕಳಿಸುತ್ತಾರೆ. ಸ್ಕ್ಯಾನ್ ಕೇಂದ್ರದಲ್ಲಿ ಯಂತ್ರಕ್ಕಿಂತ ಮೊದಲು ಎದುರಾಗುವುದು ಒಂದು ಫಾರಂ. ಹಿಂದೆ 'ಡೈ' ಚುಚ್ಚಿಸಿಕೊಂಡದ್ದುಂಟೇ? ಆಗ ಏನಾದರೂ ತೊಂದರೆ ಆಗಿತ್ತೇ? ಉಬ್ಬಸವಿದೆಯೇ? ಮೀನು, ಸೀಗಡಿ, ಅಯೋಡಿನ್ ಒಗ್ಗುವುದಿಲ್ಲವೇ? ರೋಗಿಯ ಮಗನೋ ಅಳಿಯನೋ ಎಲ್ಲಕ್ಕೂ 'ಇಲ್ಲ' ಎಂದು ಗೀಟು ಹಾಕಿ ಸಹಿ ಮಾಡುತ್ತಾನೆ.

ಆ ಪ್ರಶ್ನೆಗಳ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ಕಥೆಯಿದೆ. ಅವುಗಳಲ್ಲಿ ಕೆಲವು ಜೀವ ಉಳಿಸುವಂಥವು. ಒಂದು ಮಾತ್ರ ವಿಜ್ಞಾನ ಕೈಬಿಟ್ಟ ಮೇಲೂ ಕಾಗದದ ಮೇಲೆ ಉಳಿದುಕೊಂಡು ಬಂದದ್ದು.

ಡೈ ಎಂದು ಕರೆದರೂ ಇದು ಬಣ್ಣವಲ್ಲ. ನೀರಿನಂತೆ ತಿಳಿಯಾದ ದ್ರವ. ಕ್ಷ-ಕಿರಣಗಳಿಗೆ ಎಲುಬು ಅಡ್ಡ ಬರುತ್ತದೆ, ಮಾಂಸ ಮತ್ತು ರಕ್ತ ಅಷ್ಟಾಗಿ ಬರುವುದಿಲ್ಲ. ಹಾಗಾಗಿ ರಕ್ತನಾಳ, ಮೂತ್ರಪಿಂಡ, ಯಕೃತ್ತುಗಳೆಲ್ಲ ಚಿತ್ರದಲ್ಲಿ ಒಂದೇ ಬೂದು ಮಬ್ಬಾಗಿ ಬೀಳುತ್ತವೆ. ಕಿರಣವನ್ನು ತಡೆಯುವ ಭಾರದ ಧಾತುವೊಂದನ್ನು ರಕ್ತದಲ್ಲಿ ಬೆರೆಸಿದರೆ ರಕ್ತ ಹರಿಯುವ ಜಾಗವೆಲ್ಲ ಬೆಳ್ಳಗೆ ಎದ್ದು ಕಾಣುತ್ತದೆ. ಉಪಾಯ ಸರಳ. ಕಷ್ಟವಿದ್ದದ್ದು ಒಂದೇ: ರಕ್ತದಲ್ಲಿ ಬೆರೆತರೂ ಮೈಗೆ ಕೇಡು ಮಾಡದೆ, ಕೆಲವು ತಾಸುಗಳಲ್ಲಿ ತಾನಾಗಿ ಹೊರಹೋಗುವ ಅಂಥ ವಸ್ತು ಯಾವುದು?

ವಿಲ್ಹೆಲ್ಮ್ ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಕೊಂಡದ್ದು 1895ರ ನವೆಂಬರ್‌ನಲ್ಲಿ. ಮರು ಜನವರಿಯಲ್ಲೇ ವಿಯೆನ್ನಾದಲ್ಲಿ ಹಾಶೆಕ್ ಮತ್ತು ಲಿಂಡೆಂಥಾಲ್ ಎಂಬಿಬ್ಬರು ಕತ್ತರಿಸಿ ತೆಗೆದ ಕೈಯೊಂದರ ರಕ್ತನಾಳಗಳಿಗೆ ಸುಣ್ಣ, ಪಾದರಸದ ಅದಿರು, ಸೀಮೆಎಣ್ಣೆಯ ಜಾತಿಯ ತೈಲ ಇವುಗಳ ಮಿಶ್ರಣ ತುಂಬಿ ಚಿತ್ರ ತೆಗೆದರು. ಚಿತ್ರ ಸೊಗಸಾಗಿಯೇ ಬಂತು. ಆದರೆ ಜೀವಂತ ಮನುಷ್ಯನ ಮೈಗೆ ಅದನ್ನು ಹೊಗಿಸುವಂತಿರಲಿಲ್ಲ.

ಅಯೋಡಿನ್ ದಾರಿ ತೋರಿದ್ದು ಆಕಸ್ಮಿಕವಾಗಿ, ಅದೂ ಬೇರೊಂದು ರೋಗದ ನೆಪದಲ್ಲಿ. ಪೆನಿಸಿಲಿನ್ ಬರುವ ಮುಂಚೆ ಸಿಫಿಲಿಸ್ ರೋಗಿಗಳಿಗೆ ಸೋಡಿಯಂ ಅಯೋಡೈಡನ್ನು ದೊಡ್ಡ ಪ್ರಮಾಣದಲ್ಲಿ ಕೊಡುತ್ತಿದ್ದರು. ಅಂಥವರ ಮೂತ್ರಕೋಶ ಕ್ಷ-ಕಿರಣ ಚಿತ್ರದಲ್ಲಿ ಬೆಳ್ಳಗೆ ಕಾಣುವುದನ್ನು ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಅರ್ಲ್ ಆಸ್ಬೋರ್ನ್ ಮತ್ತು ಜೊತೆಗಾರರು ಗಮನಿಸಿ 1923ರಲ್ಲಿ ಪ್ರಕಟಿಸಿದರು. ಅಯೋಡಿನ್ ಭಾರದ ಧಾತು, ಕಿರಣವನ್ನು ತಡೆಯುತ್ತದೆ, ಮೂತ್ರದ ಜೊತೆ ಹೊರಗೂ ಹೋಗುತ್ತದೆ. ಆದರೆ ಬರಿಯ ಅಯೋಡೈಡ್ ಲವಣ ಒಳ್ಳೆಯ ಚಿತ್ರಕ್ಕೆ ಬೇಕಾಗುವಷ್ಟು ಪ್ರಮಾಣದಲ್ಲಿ ವಿಷವೇ.

ಇದಕ್ಕೆ ಪರಿಹಾರ ಹುಟ್ಟಿದ ಕಥೆಯಲ್ಲಿ ದನಗಳೂ ಬರುತ್ತವೆ. ಬರ್ಲಿನ್ನಿನ ಕೃಷಿ ಕಾಲೇಜಿನಲ್ಲಿ ಆರ್ಥರ್ ಬಿಂಝ್ ಮತ್ತು ಕರ್ಟ್ ರೇತ್ ಎಂಬ ರಸಾಯನಶಾಸ್ತ್ರಜ್ಞರು ಆಕಳ ಕೆಚ್ಚಲುಬಾವಿನಂಥ ಸೋಂಕುಗಳಿಗೆ ಮದ್ದು ಹುಡುಕುತ್ತ ಅಯೋಡಿನ್ ಕೂಡಿದ ಹಲವು ಸಂಯುಕ್ತಗಳನ್ನು ತಯಾರಿಸಿದ್ದರು. ನ್ಯೂಯಾರ್ಕಿನಿಂದ ವಿದ್ಯಾರ್ಥಿವೇತನದ ಮೇಲೆ ಜರ್ಮನಿಗೆ ಬಂದಿದ್ದ ತರುಣ ವೈದ್ಯ ಮೋಸೆಸ್ ಸ್ವಿಕ್, ಆಲ್ಟೋನಾದಲ್ಲಿ ಲಿಯೋಪೋಲ್ಡ್ ಲಿಕ್ಟ್‌ವಿಟ್ಸ್ ಅವರ ಬಳಿ ಕೆಲಸ ಮಾಡುತ್ತಿದ್ದಾಗ ಈ ಸಂಯುಕ್ತಗಳು ಮೂತ್ರಪಿಂಡದ ಮೂಲಕ ಹೊರಬೀಳುವುದನ್ನು ಕಂಡ. ಸೋಂಕಿನ ಮದ್ದು ಆತನ ಕಣ್ಣಿಗೆ ಚಿತ್ರದ ಮದ್ದಾಗಿ ತೋರಿತು. ಸೂತ್ರವನ್ನು ಮಾರ್ಪಡಿಸಿದ ಮೇಲೆ ಬಂದದ್ದೇ 'ಯುರೊಸೆಲೆಕ್ಟಾನ್'. 1929ರಲ್ಲಿ, ಬರ್ಲಿನ್ನಿನ ಪ್ರಸಿದ್ಧ ಮೂತ್ರರೋಗ ತಜ್ಞ ಅಲೆಕ್ಸಾಂಡರ್ ಫಾನ್ ಲಿಕ್ಟೆನ್‌ಬರ್ಗ್ ಅವರ ಆಸ್ಪತ್ರೆಯ ರೋಗಿಗಳಲ್ಲಿ ಅದು ಫಲ ಕೊಟ್ಟಿತು. ಕೀರ್ತಿ ಯಾರದು ಎಂಬ ಜಗಳವೂ ಅಂದೇ ಹುಟ್ಟಿತು. ಗುರುವಿನ ಹೆಸರು ಮುಂದೆ ಹೋಗಿ ಶಿಷ್ಯ ಹಿಂದೆ ಬಿದ್ದ. ಸ್ವಿಕ್‌ಗೆ ಸಲ್ಲಬೇಕಾದ ಮನ್ನಣೆ ತಡವಾಗಿ, 1960ರ ದಶಕದಲ್ಲಿ, ಆತನ ಊರಾದ ನ್ಯೂಯಾರ್ಕಿನಲ್ಲಿ ಸಂದಿತು.

ಅದೇ 1929ರಲ್ಲಿ ಹತ್ತರಗಿಯ ನೆರೆಯ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಮಿರಜದ ಮಿಷನ್ ಆಸ್ಪತ್ರೆ ಅದಕ್ಕೂ ಹಳೆಯದು, 1894ರದು. ಘಟಪ್ರಭಾ ನಿಲ್ದಾಣದಲ್ಲಿ ರೈಲು ಹತ್ತಿದರೆ ನೇರ ಮಿರಜ. ಗಡಿ ಯಾವ ರಾಜ್ಯದ್ದೆಂಬುದು ರೋಗಿಗೆ ಎಂದೂ ಮುಖ್ಯವಾಗಿರಲಿಲ್ಲ. ಬೆಳಗಾವಿಯಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಬಂದದ್ದು 1963ರಲ್ಲಿ. ಸ್ವಿಕ್‌ನ ಪರೀಕ್ಷೆ ಆ ಹೊತ್ತಿಗೆ 'ಐ.ವಿ.ಪಿ.' ಎಂಬ ಹೆಸರಿನಲ್ಲಿ ಎಲ್ಲೆಡೆಯ ದೊಡ್ಡ ಆಸ್ಪತ್ರೆಗಳ ದಿನಚರಿಯಾಗಿತ್ತು. ಹರಳಿನ ನೋವಿನಿಂದ ಬಳಲಿದ ಹಿರಿಯರನ್ನು ಕೇಳಿದರೆ ಈಗಲೂ ಹೇಳುತ್ತಾರೆ: ಹಿಂದಿನ ರಾತ್ರಿ ಹರಳೆಣ್ಣೆ, ಬೆಳಗ್ಗೆ ಬರಿಹೊಟ್ಟೆ, ತೋಳಿಗೆ ಸೂಜಿ, ಮೈಯೆಲ್ಲ ಒಮ್ಮೆಗೇ ಬಿಸಿ, ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ.

ಈ ಬಿಸಿ ಮತ್ತು ರುಚಿ ಅಲರ್ಜಿಯಲ್ಲ. ಯಾರಿಗೂ ಆಗಬಹುದಾದದ್ದು, ಒಂದೆರಡು ನಿಮಿಷದಲ್ಲಿ ಇಳಿಯುವಂಥದ್ದು. ಆದರೆ ಕೆಲವರಿಗೆ ಮುಂದಿನ ಕೆಲವು ನಿಮಿಷಗಳಲ್ಲಿ ಮೈಮೇಲೆ ಪಿತ್ತದ ಗಂಧೆ ಏಳುತ್ತಿತ್ತು. ಇನ್ನೂ ಕೆಲವರಿಗೆ ತುಟಿ ಮತ್ತು ಗಂಟಲು ಊದಿ, ಉಸಿರು ಸಿಳ್ಳೆ ಹಾಕಿ, ರಕ್ತದೊತ್ತಡ ಕುಸಿಯುತ್ತಿತ್ತು. ಅಪರೂಪಕ್ಕೆ ಒಬ್ಬರು ಮೇಜಿನ ಮೇಲೆಯೇ ಪ್ರಾಣ ಬಿಡುತ್ತಿದ್ದರು.

ಇಂಥ ಕುಸಿತಕ್ಕೆ ವೈದ್ಯಶಾಸ್ತ್ರದಲ್ಲಿ ಆಗಲೇ ಒಂದು ಹೆಸರಿತ್ತು. ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ತಿಯೇ ಮೊನಾಕೊ ರಾಜನ ಹಡಗಿನಲ್ಲಿ ಕಡಲಜೀವಿಗಳ ವಿಷ ಅಭ್ಯಾಸ ಮಾಡಿ ಬಂದು, 1902ರಲ್ಲಿ ಪ್ಯಾರಿಸ್ಸಿನಲ್ಲಿ ನಾಯಿಗಳಿಗೆ ಸಮುದ್ರಹೂವಿನ ವಿಷವನ್ನು ಸ್ವಲ್ಪಸ್ವಲ್ಪವಾಗಿ ಚುಚ್ಚಿ ರೋಗನಿರೋಧ ಬೆಳೆಸಲು ಹೊರಟಿದ್ದರು. ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿಗೆ ಸುಮಾರು ಮೂರು ವಾರಗಳ ಮೇಲೆ ಮತ್ತೆ ಅಲ್ಪಪ್ರಮಾಣ ಕೊಟ್ಟಾಗ ಅದು 25 ನಿಮಿಷದಲ್ಲಿ ಸತ್ತಿತು. ರಕ್ಷಣೆಗೆ ಬದಲು ತದ್ವಿರುದ್ಧ. ರಿಷೆ ಇದನ್ನು 'ಅನಾಫಿಲಾಕ್ಸಿಸ್' ಎಂದು ಕರೆದರು. 1913ರಲ್ಲಿ ನೊಬೆಲ್ ಬಂತು. 'ಅಲರ್ಜಿ' ಎಂಬ ಪದ 1906ರಲ್ಲಿ ವಿಯೆನ್ನಾದ ಪಿರ್ಕೆ ಕೊಟ್ಟದ್ದು.

ಆದರೆ ಕಾಂಟ್ರಾಸ್ಟಿನ ಪ್ರಕರಣ ಈ ನಾಯಿಯ ಕಥೆಗೆ ಸರಿಯಾಗಿ ಹೊಂದುತ್ತಿರಲಿಲ್ಲ. ನಿಜವಾದ ಅಲರ್ಜಿಗೆ ಮೊದಲ ಪರಿಚಯ ಬೇಕು. ಮೈ ಆ ವಸ್ತುವನ್ನು ಒಮ್ಮೆ ಕಂಡು ಅದರ ವಿರುದ್ಧ ಸಜ್ಜಾಗಿರಬೇಕು. ಇಲ್ಲಿ ಜೀವನದಲ್ಲಿ ಮೊದಲ ಬಾರಿ ಚುಚ್ಚಿಸಿಕೊಂಡವರೂ ಕುಸಿಯುತ್ತಿದ್ದರು. ಒಮ್ಮೆ ತೊಂದರೆ ಪಟ್ಟ ಎಷ್ಟೋ ಮಂದಿಗೆ ಎರಡನೆಯ ಬಾರಿ ಏನೂ ಆಗುತ್ತಿರಲಿಲ್ಲ. ಇಂದಿನ ತಿಳಿವಳಿಕೆಯಂತೆ ಬಹಳಷ್ಟು ಪ್ರಸಂಗಗಳಲ್ಲಿ ಔಷಧವು ಚರ್ಮ ಮತ್ತು ಶ್ವಾಸನಾಳಗಳಲ್ಲಿರುವ ಮಾಸ್ಟ್ ಕಣಗಳನ್ನು ನೇರವಾಗಿ ಕೆಣಕಿ, ಅವುಗಳೊಳಗಿನ ಹಿಸ್ಟಮಿನ್ ಚೆಲ್ಲುವಂತೆ ಮಾಡುತ್ತದೆ. ನಿಜವಾದ ಅಲರ್ಜಿಯೂ ಒಂದು ಪಾಲಿನವರಲ್ಲಿ ಇರುತ್ತದೆ, ತೀವ್ರ ಪ್ರಸಂಗಗಳಲ್ಲಿ ಆ ಪಾಲು ಹೆಚ್ಚು. ಕಾರಣ ಯಾವುದೇ ಇರಲಿ, ರೋಗಿಯ ಗಂಟಲಿಗೆ ಎರಡೂ ಒಂದೇ.

ಕಾರಣ ಸ್ಪಷ್ಟವಾಗದ ಕಡೆ ಅನುಮಾನ ಎದುರಿಗಿದ್ದವನ ಮೇಲೆ ಬೀಳುತ್ತದೆ. ಇಲ್ಲಿ ಎದುರಿಗಿದ್ದದ್ದು ಅಯೋಡಿನ್. ಸಮುದ್ರದ ಮೀನಿನಲ್ಲಿ ಅಯೋಡಿನ್ ಇದೆ, ಸೀಗಡಿ ತಿಂದರೆ ಕೆಲವರಿಗೆ ಮೈ ಊದುತ್ತದೆ, ಡೈಯಲ್ಲೂ ಅಯೋಡಿನ್ ಇದೆ. ಆದ್ದರಿಂದ ಸೀಗಡಿ ಒಗ್ಗದವರಿಗೆ ಡೈ ಅಪಾಯ. ತರ್ಕ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ ತಪ್ಪೆಂದು ತೋರಿಸಿದ ಮೇಲೂ ಸಾಯಲಿಲ್ಲ. 1970ರ ದಶಕದ ಸಮೀಕ್ಷೆಗಳಲ್ಲಿ ಕಡಲಾಹಾರದ ಅಲರ್ಜಿಯಿದ್ದವರಲ್ಲಿ ಡೈ ತೊಂದರೆ ಸ್ವಲ್ಪ ಹೆಚ್ಚಾಗಿ ಕಂಡದ್ದು ನಿಜ. ಆದರೆ ಬೇರೆ ಆಹಾರಗಳು ಒಗ್ಗದವರಲ್ಲೂ ಹೆಚ್ಚುಕಡಿಮೆ ಅದೇ ಪ್ರಮಾಣವಿತ್ತು. ಒಟ್ಟಿನಲ್ಲಿ ಅಲರ್ಜಿಯ ಪ್ರಕೃತಿಯವರಿಗೆ ಅಪಾಯ ತುಸು ಹೆಚ್ಚು, ಅಷ್ಟೇ. ಸೀಗಡಿಯಲ್ಲಿ ಮೈ ಕೆರಳಿಸುವುದು ಮುಖ್ಯವಾಗಿ ಅದರ ಮಾಂಸದಲ್ಲಿರುವ ಟ್ರೋಪೊಮಯೊಸಿನ್ ಎಂಬ ಪ್ರೋಟೀನು, ಅಯೋಡಿನ್ ಅಲ್ಲ. ಟಿಂಚರ್ ಹಚ್ಚಿದಾಗ ಚರ್ಮ ಉರಿಯುವುದಕ್ಕೂ ಈ ಇಂಜೆಕ್ಷನ್ನಿಗೂ ಸಂಬಂಧವಿಲ್ಲ. ಅಯೋಡಿನ್ ಇಲ್ಲದೆ ಥೈರಾಯಿಡ್ ಗ್ರಂಥಿ ನಡೆಯದು. ಗಳಗಂಡ ಬಾರದಿರಲೆಂದು ದಿನದ ಉಪ್ಪಿನಲ್ಲೇ ಅದನ್ನು ಬೆರೆಸಲಾಗುತ್ತಿದೆ. ಅಯೋಡಿನ್ನಿಗೇ ಮೈ ಒಗ್ಗದಿದ್ದರೆ ಮನುಷ್ಯ ಬದುಕುವಂತೆಯೇ ಇಲ್ಲ. ಜೋಳದ ರೊಟ್ಟಿ ಉಣ್ಣುವ ಹುಕ್ಕೇರಿ ಸೀಮೆಯಲ್ಲಿ ಸೀಗಡಿಯ ಪ್ರಶ್ನೆ ಕೇಳುವುದು ತಮಾಷೆಯಾಗಿ ಕಾಣಬಹುದು. ಕರಾವಳಿಯಲ್ಲಿ ಅದು ತಮಾಷೆಯಲ್ಲ: ಮೀನಿನ ಹೆಸರು ಹೇಳಿ ಅಗತ್ಯವಾದ ಸ್ಕ್ಯಾನನ್ನು ಮುಂದೂಡಿದರೆ ರೋಗ ಕಾಯುತ್ತ ಕೂರುವುದಿಲ್ಲ.

ಇನ್ನೊಂದು ಹಳೆಯ ರೂಢಿ 'ಟೆಸ್ಟ್ ಡೋಸ್'. ಪೂರ್ತಿ ಔಷಧ ಕೊಡುವ ಮೊದಲು ಒಂದು ಮಿಲಿಲೀಟರಿನಷ್ಟು ಚುಚ್ಚಿ ಕಾದು ನೋಡುವುದು. ನೋಡಲು ಎಚ್ಚರಿಕೆಯ ಕ್ರಮ. ಆದರೆ ಟೆಸ್ಟ್ ಡೋಸಿಗೆ ಸುಮ್ಮನಿದ್ದವರು ಪೂರ್ತಿ ಡೋಸಿಗೆ ಕುಸಿದದ್ದೂ ಉಂಟು, ಆ ಒಂದು ಹನಿಗೇ ಪ್ರಾಣ ಹೋದದ್ದೂ ಉಂಟು. ಮುಂದಾಗುವುದನ್ನು ಅದು ಹೇಳುವುದಿಲ್ಲವೆಂದು ಅಮೆರಿಕ ಮತ್ತು ಜಪಾನಿನ ಅಧ್ಯಯನಗಳು ತೋರಿಸಿದ ಮೇಲೆ ಮಾರ್ಗಸೂಚಿಗಳು ಅದನ್ನು ಕೈಬಿಟ್ಟವು. ನಮ್ಮಲ್ಲಿ ಅದು ಬಹುಕಾಲ ಉಳಿಯಿತು. ಏನೋ ಒಂದು ಪರೀಕ್ಷೆ ಮಾಡಿದ್ದೇವೆಂಬ ಸಮಾಧಾನ ಇಬ್ಬರಿಗೂ ಬೇಕಿತ್ತೇನೋ.

ಒಮ್ಮೆ ಮಾತ್ರ, ತಕ್ಷಣ ಯಾರನ್ನೂ ಕಾಡದ ಕಾಂಟ್ರಾಸ್ಟ್ ಔಷಧವೊಂದು ಸಿಕ್ಕಂತಾಗಿತ್ತು. ಥೋರಿಯಂ ಆಕ್ಸೈಡಿನಿಂದ ಮಾಡಿದ 'ಥೋರೊಟ್ರಾಸ್ಟ್' 1930ರ ದಶಕದಲ್ಲಿ ಬಳಕೆಗೆ ಬಂದಾಗ ಉರಿಯಿಲ್ಲ, ಗಂಧೆಯಿಲ್ಲ, ಚಿತ್ರ ಸ್ಫಟಿಕದಷ್ಟು ಸ್ಪಷ್ಟ ಎಂದು ಹೊಗಳಿಸಿಕೊಂಡಿತು. ಆದರೆ ಥೋರಿಯಂ ವಿಕಿರಣಶೀಲ, ಮೈಯಿಂದ ಹೊರಹೋಗದು. ಯಕೃತ್ತಿನಲ್ಲಿ ನೆಲೆಯೂರಿ ದಶಕಗಳ ನಂತರ ಕ್ಯಾನ್ಸರ್ ತಂದಿತು. 1950ರ ದಶಕದಲ್ಲಿ ಅದರ ಬಳಕೆ ನಿಂತರೂ, ಚುಚ್ಚಿಸಿಕೊಂಡವರನ್ನು ಅದು ಜೀವಮಾನವಿಡೀ ಬಿಡಲಿಲ್ಲ.

ಹೀಗಾಗಿ ಉಳಿದದ್ದು ಅಯೋಡಿನ್ನೇ. ಸ್ವಿಕ್‌ನ ಕಾಲದಲ್ಲಿ ಅಣುವಿಗೊಂದು ಅಯೋಡಿನ್ ಪರಮಾಣುವಿತ್ತು. 1950ರ ದಶಕದ ಡಯಾಟ್ರಿಜೊಯೇಟ್‌ನಲ್ಲಿ ಮೂರಾಯಿತು. 'ಯುರೊಗ್ರಾಫಿನ್' ಹೆಸರಿನಲ್ಲಿ ನಮ್ಮ ಆಸ್ಪತ್ರೆಗಳಿಗೆ ಪರಿಚಿತವಾದದ್ದು ಇದೇ. ಇದು ಲವಣದ ಜಾತಿಯದು, ನೀರಿನಲ್ಲಿ ಕರಗಿದೊಡನೆ ಎರಡು ಕಣಗಳಾಗಿ ಒಡೆಯುತ್ತದೆ. ಅಂದರೆ ಬೇಕಾದ ಒಂದು ಕಣದ ಜೊತೆ ಬೇಡದ ಇನ್ನೊಂದು. ಈ ದ್ರಾವಣದ ಒತ್ತಡ ರಕ್ತದ್ದಕ್ಕಿಂತ ಐದಾರು ಪಟ್ಟು ಹೆಚ್ಚು. ಉಪ್ಪಿನಕಾಯಿ ಹೋಳಿನಿಂದ ನೀರು ಬಿಡಿಸುವಂತೆ ಅದು ರಕ್ತಕಣಗಳಿಂದ, ನಾಳಗಳ ಒಳಪದರದಿಂದ ನೀರನ್ನು ಸೆಳೆಯುತ್ತದೆ.

ಸ್ವೀಡನ್ನಿನ ಮಾಲ್ಮೊ ನಗರದ ಟೋರ್ಸ್ಟೆನ್ ಆಲ್ಮೆನ್ ರಕ್ತನಾಳಗಳ ಚಿತ್ರ ತೆಗೆಯುವ ವೈದ್ಯ. ಔಷಧ ಚುಚ್ಚಿದಾಗ ರೋಗಿಗಳು ನೋವಿನಿಂದ ಚೀರುವುದನ್ನು ದಿನವೂ ಕಾಣುತ್ತಿದ್ದರು. ಬಾಲ್ಟಿಕ್ ಕಡಲಿನ ಸಪ್ಪೆ ನೀರಿನಲ್ಲಿ ಕಣ್ಣು ತೆರೆದು ಈಜಿದರೆ ಉರಿಯುವುದಿಲ್ಲ, ಪಶ್ಚಿಮ ತೀರದ ಉಪ್ಪು ನೀರಿನಲ್ಲಿ ಉರಿಯುತ್ತದೆ ಎಂಬ ಅನುಭವವನ್ನು ಅವರು ಇದಕ್ಕೆ ಜೋಡಿಸಿದರು. ಒಡೆಯದೆ ಕರಗುವ ಅಣುವೊಂದನ್ನು ಕಟ್ಟಿದರೆ ಉಪ್ಪಿನ ಭಾರ ಅರ್ಧಕ್ಕೆ ಇಳಿಯಬೇಕಲ್ಲವೇ? ವೈದ್ಯನಾದರೂ ರಸಾಯನಶಾಸ್ತ್ರ ಓದಿಕೊಂಡು ಸೂತ್ರ ಬರೆದರು. ಕ್ಷ-ಕಿರಣ ಶಾಸ್ತ್ರದ ಪತ್ರಿಕೆಗಳಿಗೆ ಇದು ರುಚಿಸಲಿಲ್ಲ. ಕೊನೆಗೆ 1969ರಲ್ಲಿ ಅದು ಅಚ್ಚಾದದ್ದು ಸೈದ್ಧಾಂತಿಕ ಜೀವಶಾಸ್ತ್ರದ ಪತ್ರಿಕೆಯೊಂದರಲ್ಲಿ. ದೊಡ್ಡ ಕಂಪನಿಗಳು ಒಲ್ಲೆನೆಂದ ವಿಚಾರವನ್ನು ನಾರ್ವೆಯ ನೀಗಾರ್ಡ್ ಎಂಬ ಸಣ್ಣ ಕಂಪನಿ ಕೈಗೆತ್ತಿಕೊಂಡಿತು. ಮೊದಲು ಬಂದ ಮೆಟ್ರಿಜಮೈಡ್ ಪುಡಿಯ ರೂಪದ್ದು, ದುಬಾರಿ, ಬಳಕೆಗೆ ತೊಡಕಿನದು. 1980ರ ದಶಕದ ಮೊದಲಲ್ಲಿ ಬಂದ ಅಯೊಹೆಕ್ಸಾಲ್ ಮತ್ತು ಅಯೊಪಮಿಡಾಲ್ ಈ ಕೊರತೆಗಳನ್ನು ನೀಗಿಸಿದವು.

ಹೊಸ ಔಷಧ ಎಷ್ಟು ಮೇಲು ಎಂಬುದಕ್ಕೆ ಉತ್ತರ ಬಂದದ್ದು ಜಪಾನಿನಿಂದ. ಕತಾಯಾಮ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಸಮೀಕ್ಷೆ 3,37,647 ಇಂಜೆಕ್ಷನ್‌ಗಳದ್ದು. ಹಳೆಯ ಔಷಧ ಪಡೆದವರಲ್ಲಿ ಶೇಕಡಾ 12.66 ಮಂದಿಗೆ ಒಂದಲ್ಲ ಒಂದು ತೊಂದರೆ. ಹೊಸದರಲ್ಲಿ ಶೇಕಡಾ 3.13. ತೀವ್ರ ತೊಂದರೆ ಹಳೆಯದರಲ್ಲಿ ಶೇಕಡಾ 0.22, ಹೊಸದರಲ್ಲಿ 0.04. ಅಂದರೆ ಸಾವಿರಕ್ಕೆ ಇಬ್ಬರು ಇದ್ದದ್ದು ಹತ್ತು ಸಾವಿರಕ್ಕೆ ನಾಲ್ವರಾದರು.

ಇಷ್ಟು ಸ್ಪಷ್ಟವಾದ ಲೆಕ್ಕಕ್ಕೂ ಅಡ್ಡ ಬಂದದ್ದು ಬೆಲೆ. ಹೊಸ ಔಷಧ ಹಳೆಯದಕ್ಕಿಂತ ಹಲವು ಪಟ್ಟು ದುಬಾರಿಯಾಗಿತ್ತು. ಶ್ರೀಮಂತ ಅಮೆರಿಕದಲ್ಲೇ ಅಪಾಯ ಹೆಚ್ಚಿರುವವರಿಗೆ ಮಾತ್ರ ಹೊಸದು, ಉಳಿದವರಿಗೆ ಹಳೆಯದು ಎಂಬ ಹಂಚಿಕೆ ವರ್ಷಗಟ್ಟಲೆ ನಡೆಯಿತು. ನಮ್ಮಲ್ಲಿ ಹಂಚಿಕೆ ಮಾಡಿದ್ದು ರೋಗಿಯ ಜೇಬು. ಎರಡು ಬಗೆಯ ಔಷಧ ಇದೆ, ಯಾವುದು ಬೇಕು ಎಂದು ಕೇಳಿದಾಗ, ಅಕ್ಷರ ಬಾರದ ತಂದೆಯ ಪರವಾಗಿ ನಿಂತ ಮಗ ಏನು ಹೇಳಿಯಾನು? ಅಪಾಯದ ಲೆಕ್ಕ ಅವನಿಗೆ ಯಾರೂ ಹೇಳಿರುವುದಿಲ್ಲ. ಬೆಲೆಯ ಲೆಕ್ಕ ಮಾತ್ರ ಎದುರಿಗಿರುತ್ತದೆ. ಆಯ್ಕೆ ಎಂದು ಕರೆದರೂ ಅದು ಆಯ್ಕೆಯಾಗಿರಲಿಲ್ಲ. ಕಾಲಕ್ರಮದಲ್ಲಿ ಬೆಲೆ ಇಳಿದು, ರಕ್ತನಾಳಕ್ಕೆ ಕೊಡುವ ಕೆಲಸದಿಂದ ಹಳೆಯದು ಬಹುಪಾಲು ಹಿಂದೆ ಸರಿಯಿತು. ಅಯೊಹೆಕ್ಸಾಲ್ ಇಂದು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ. ಎಂ.ಆರ್.ಐ.ಗೆ ಬಳಸುವ ಗ್ಯಾಡೊಲಿನಿಯಂ ಔಷಧಗಳು ಬೇರೆ ಜಾತಿಯವು, 1988ರಿಂದ ಬಳಕೆಗೆ ಬಂದವು. ಅವುಗಳಿಂದ ಅಲರ್ಜಿ ಇನ್ನೂ ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಒಮ್ಮೆ ತೊಂದರೆಯಾದವರಿಗೆ ಮತ್ತೆ ಸ್ಕ್ಯಾನ್ ಬೇಕಾದರೆ? 1987ರಲ್ಲಿ ಅಮೆರಿಕದ ಲಾಸರ್ ಮತ್ತು ಜೊತೆಗಾರರು ಆರು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, 12 ತಾಸು ಮೊದಲು ಒಮ್ಮೆ, 2 ತಾಸು ಮೊದಲು ಇನ್ನೊಮ್ಮೆ ಸ್ಟಿರಾಯ್ಡ್ ಮಾತ್ರೆ ಕೊಟ್ಟರೆ ತೊಂದರೆ ಕಡಿಮೆಯಾಗುವುದು ಕಂಡಿತು. ಬರಿಯ 2 ತಾಸು ಮೊದಲಿನ ಒಂದೇ ಡೋಸು ಉಪಯೋಗಕ್ಕೆ ಬರಲಿಲ್ಲ. ಸ್ಕ್ಯಾನ್ ಕೊಠಡಿಯ ಬಾಗಿಲಲ್ಲಿ ಅವಸರದಿಂದ ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟು ಒಳಗೆ ಕಳಿಸಿದರೆ ರಕ್ಷಣೆ ಸಿಕ್ಕಿತೆಂದು ತಿಳಿಯುವುದು ತಪ್ಪು. ಲಾಸರ್ ಅಧ್ಯಯನ ನಡೆದದ್ದೂ ಹಳೆಯ ಔಷಧದ ಮೇಲೆ. ಇತ್ತೀಚಿನ ವರ್ಷಗಳಲ್ಲಿ ತಜ್ಞರು ಹೆಚ್ಚು ಒತ್ತು ಕೊಡುತ್ತಿರುವುದು ಬೇರೊಂದಕ್ಕೆ: ಹಿಂದೆ ತೊಂದರೆ ಕೊಟ್ಟ ಅದೇ ಔಷಧವನ್ನು ಮತ್ತೆ ಕೊಡದೆ, ಅದೇ ಗುಂಪಿನ ಬೇರೊಂದಕ್ಕೆ ಬದಲಾಯಿಸುವುದು. ಮಾತ್ರೆಗಿಂತ ಈ ಬದಲಾವಣೆಯಿಂದಲೇ ಲಾಭ ಹೆಚ್ಚೆಂದು ಅಧ್ಯಯನಗಳು ಹೇಳುತ್ತಿವೆ.

ಎಷ್ಟು ಎಚ್ಚರ ವಹಿಸಿದರೂ ಯಾರಿಗೋ ಒಬ್ಬರಿಗೆ ಆಗಿಯೇ ಆಗುತ್ತದೆ. ಆಗ ನಿಮಿಷಗಳೇ ಮುಖ್ಯ. ಬರಿಯ ನಾಲ್ಕು ಗಂಧೆ ಎದ್ದರೆ ಕಾದು ನೋಡಬಹುದು, ಬೇಕಾದರೆ ಹಿಸ್ಟಮಿನ್ ತಡೆಯುವ ಮಾತ್ರೆ. ಉಸಿರು ಕಟ್ಟಿದರೆ, ಗಂಟಲು ಊದಿದರೆ, ರಕ್ತದೊತ್ತಡ ಬಿದ್ದರೆ ಮೊದಲ ಮದ್ದು ಅಡ್ರಿನಲಿನ್: ಸಾವಿರಕ್ಕೊಂದರ ದ್ರಾವಣ, ವಯಸ್ಕರಿಗೆ ಅರ್ಧ ಮಿಲಿಲೀಟರಿನವರೆಗೆ, ತೊಡೆಯ ಹೊರಬದಿಯ ಸ್ನಾಯುವಿಗೆ. ಜೊತೆಗೆ ಆಮ್ಲಜನಕ, ಕಾಲು ಎತ್ತಿ ಮಲಗಿಸುವುದು, ಸಲೈನು. ರೋಗಿಯನ್ನು ತಟ್ಟನೆ ಎಬ್ಬಿಸಿ ಕೂರಿಸಬಾರದು. ಸೂಜಿಯ ಭಯಕ್ಕೆ ತಲೆಸುತ್ತಿ ಬಿದ್ದವರ ನಾಡಿ ನಿಧಾನವಾಗಿರುತ್ತದೆ, ಅಲರ್ಜಿಯಿಂದ ಬಿದ್ದವರದ್ದು ಸಾಮಾನ್ಯವಾಗಿ ವೇಗವಾಗಿ ಓಡುತ್ತದೆ. ಮಣಿಕಟ್ಟು ಹಿಡಿದರೆ ಅನುಭವಿ ನರ್ಸ್ ಅರ್ಧ ನಿಮಿಷದಲ್ಲಿ ವ್ಯತ್ಯಾಸ ಹೇಳುತ್ತಾರೆ. ಹಲವು ಕಡೆ ಮೊದಲು ಕೈ ಹೋಗುವುದು ಸ್ಟಿರಾಯ್ಡ್ ಕಡೆಗೆ. ಆದರೆ ಸ್ಟಿರಾಯ್ಡ್ ಕೆಲಸ ಮಾಡಲು ತಾಸುಗಳು ಬೇಕು, ಅಡ್ರಿನಲಿನ್‌ಗೆ ಕೆಲವೇ ನಿಮಿಷ. ಜಪಾನ್ ಮೂಲದ ಜೊಕಿಚಿ ತಕಾಮಿನೆ ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಶುದ್ಧರೂಪದಲ್ಲಿ ಬೇರ್ಪಡಿಸಿದ ಈ ಔಷಧ ಸ್ವಿಕ್‌ನ ಪರೀಕ್ಷೆಗಿಂತಲೂ ಹಳೆಯದು, ಬೆಲೆಯಲ್ಲೂ ಬಲು ಅಗ್ಗ.

ತೀವ್ರ ತೊಂದರೆಗಳಲ್ಲಿ ಹೆಚ್ಚಿನವು ಮೊದಲ ಇಪ್ಪತ್ತು ನಿಮಿಷಗಳಲ್ಲೇ ತಲೆದೋರುತ್ತವೆ. ಆದ್ದರಿಂದಲೇ ಸ್ಕ್ಯಾನ್ ಮುಗಿದ ಮೇಲೂ ಅರ್ಧ ತಾಸು ಅಲ್ಲೇ ಕೂರಿಸುವ ಕ್ರಮ. ಬೆಳಗಾವಿಯಿಂದ ಹತ್ತರಗಿಗೆ ಬಸ್ಸಿನಲ್ಲಿ ಸುಮಾರು ಒಂದು ತಾಸಿನ ದಾರಿ. ಬಸ್ಸು ತಪ್ಪೀತೆಂದು ಸೂಜಿ ಕಿತ್ತೊಡನೆ ಹೊರಟರೆ ಆ ನಿಮಿಷಗಳು ಕಳೆಯುವುದು ಹೆದ್ದಾರಿಯ ಮೇಲೆ. ಕೆಲವರಿಗೆ ಚರ್ಮದ ದದ್ದು ಮರುದಿನವೋ ವಾರದೊಳಗೋ ಏಳುವುದುಂಟು. ಆಗ ಊರಿನ ಡಾಕ್ಟರಿಗೆ ಡೈ ಚುಚ್ಚಿಸಿಕೊಂಡ ಸಂಗತಿ ಹೇಳದಿದ್ದರೆ ಅವರು ಹೊಸ ಸೋಪಿನಲ್ಲೋ ತಿಂದ ಬದನೆಕಾಯಿಯಲ್ಲೋ ಕಾರಣ ಹುಡುಕುತ್ತಾರೆ.

ಎಲ್ಲಕ್ಕಿಂತ ಹೆಚ್ಚಾಗಿ ಕಳೆದುಹೋಗುವುದು ಔಷಧದ ಹೆಸರು. ಕೇಸ್ ಪೇಪರಿನ ಮೇಲೆ ಕೆಂಪು ಶಾಯಿಯಲ್ಲಿ 'ಡೈ ಅಲರ್ಜಿ' ಎಂದೋ, ಇನ್ನೂ ಕೆಟ್ಟದಾಗಿ 'ಅಯೋಡಿನ್ ಅಲರ್ಜಿ' ಎಂದೋ ಬರೆದು ಕೈತೊಳೆದುಕೊಂಡರೆ, ಹತ್ತು ವರ್ಷದ ನಂತರ ಮಿರಜದಲ್ಲೋ ಹುಬ್ಬಳ್ಳಿಯಲ್ಲೋ ಆ ಕಾಗದ ಹಿಡಿದ ವೈದ್ಯರಿಗೆ ಯಾವುದನ್ನು ಬಿಟ್ಟು ಯಾವುದನ್ನು ಕೊಡಬೇಕೆಂಬುದು ತಿಳಿಯುವುದಿಲ್ಲ. ಒಂದೋ ಸ್ಕ್ಯಾನ್ ತಪ್ಪುತ್ತದೆ, ಇಲ್ಲವೇ ಅದೇ ಔಷಧ ಮತ್ತೆ ಮೈಗೆ ಹೋಗುತ್ತದೆ. ಬರೆಯಬೇಕಾದದ್ದು ನಾಲ್ಕೇ ಸಾಲು: ಔಷಧದ ಪೂರ್ತಿ ಹೆಸರು, ಕೊಟ್ಟ ತಾರೀಖು, ಎಷ್ಟು ನಿಮಿಷಕ್ಕೆ ಏನಾಯಿತು, ಯಾವುದರಿಂದ ಇಳಿಯಿತು. ಹೆಸರು ಸೀಸೆಯ ಮೇಲೆಯೇ ಅಚ್ಚಾಗಿರುತ್ತದೆ. ಸ್ಕ್ಯಾನ್ ಮುಗಿದ ಹತ್ತು ನಿಮಿಷಕ್ಕೆ ಆ ಸೀಸೆ ಕಸದ ಡಬ್ಬಿಗೆ ಬೀಳುತ್ತದೆ. ಕೇಳಿ ಬರೆಸಿಕೊಳ್ಳುವುದಿದ್ದರೆ ಅದಕ್ಕೂ ಮುಂಚೆ.